ಶ್ರಾವಣ ಮುಗಿದ ಮೇಲಿನ ಸೋಯಾಕಾಯಿ

ಬೆಲ್ಲದ ಬಾಗೇವಾಡಿ
೪ ಸೆಪ್ಟೆಂಬರ್ ೨೦೨೫, ಗುರುವಾರ

ಶಿವಾನಿಯ ಅಪ್ಪಾಜಿಯವರಿಗೆ ರಾಜೇಶ್ವರಿಯ ಶರಣು ಶರಣಾರ್ಥಿ.

ಆರೋಗ್ಯ ಹೇಗಿದೆ? ನಿದ್ದೆ ಹತ್ತುತ್ತಿದೆಯೇ? ಕೈ ನಡುಗುವುದು ನಿಂತಿದೆ ಎಂದು ನೀವು ಬರೆಯದಿದ್ದರೂ ನನಗೆ ಗೊತ್ತಾಯಿತು. ಹೋದ ತಿಂಗಳ ಪತ್ರದಲ್ಲಿ ಸಾಲುಗಳೆಲ್ಲ ಅಂಕುಡೊಂಕಾಗಿದ್ದವು, ಈ ಸಲ ನೆಟ್ಟಗಿವೆ. ಅತ್ತೆಯವರಂತೂ ಪತ್ರವನ್ನು ಕಣ್ಣಿಗೊತ್ತಿಕೊಂಡರು. ಓದಲು ಬಾರದಿದ್ದರೂ ಹಿಂದೆ ಮುಂದೆ ತಿರುವಿ ನೋಡಿ, "ನನ್ನ ಮಗಾ ಎಷ್ಟ್ ದುಂಡಗ ಬರದಾನ ನೋಡ" ಎಂದರು. ಅವರ ಮೊಣಕಾಲು ನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಶಿವಾನಿ ಶನಿವಾರ ಅರಭಾವಿಯ ಕಾಲೇಜಿನಿಂದ ಬಂದು ಒಂದು ದಿನ ಇದ್ದು ಹೋದಳು. ಎಮ್ಮೆ ಹೆಣ್ಣು ಕರು ಹಾಕಿದೆ. ಮಳೆ ಬೇಕಾದಷ್ಟೇ ಆಗಿ ಸೋಯಾಬೀನು ಚೆನ್ನಾಗಿ ಎದ್ದಿದೆ, ಕಾಯಿ ತುಂಬಿವೆ.

ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ಮಾತ್ರ ನಾನು ಅತ್ತೆಯವರಿಗೆ ಓದಿ ಹೇಳಲಿಲ್ಲ. "ಹದಿನಾಲ್ಕನೇ ತಾರೀಖಿಗೆ ನಲವತ್ತೈದು ದಿನಾ ಮುಗೀತಾವ, ಮನಿಗೆ ಬರ್ತೇನಿ. ಇಲ್ಲಿ ಸಪ್ಪನ್ನ ಊಟಾ ಮಾಡಿ ಮಾಡಿ ನಾಲಿಗಿ ಸತ್ತೈತಿ. ಖಾರದ ಸೋಯಾಕಾಯಿ ಮಾಡಿ ಇಡು ರಾಜೂ" ಎಂದು ಬರೆದಿದ್ದೀರಿ. ಅಲ್ಲರೀ, ಕುಡಿತ ಬಿಡಿಸುವ ಕೇಂದ್ರದಲ್ಲಿ ಒಂದು ತಿಂಗಳು ಕುಳಿತವರಿಗೆ ಹಡೆದ ತಾಯಿಯ ಮೊಣಕಾಲು ನೆನಪಾಗಲಿಲ್ಲ, ಗಬ್ಬದ ಎಮ್ಮೆ ನೆನಪಾಗಲಿಲ್ಲ, ಸೋಯಾಕಾಯಿ ನೆನಪಾಯಿತೇ! ಹೀಗೆ ಬೈಯುತ್ತಲೇ ಬುಟ್ಟಿ ಹಿಡಿದು ಹೊಲಕ್ಕೆ ನಡೆದೆ. ನನ್ನ ಹಣೆಬರಹ ನೋಡಿ, ಬಾಯಿ ಬೈಯುತ್ತಿತ್ತು, ಕೈ ಮಾತ್ರ ಎಳೆಯದನ್ನು ಬಿಟ್ಟು ತುಂಬಿದ ಕಾಯನ್ನೇ ಆರಿಸುತ್ತಿತ್ತು.

ಮೂರು ವರ್ಷದ ಹಿಂದೆ ಶಿವಾನಿ ಕಾಲೇಜಿನಿಂದ ಈ ಸುದ್ದಿ ತಂದಾಗ ನಾವೆಲ್ಲ ಎಷ್ಟು ನಕ್ಕೆವು! ಜಪಾನದವರು ಹಸಿ ಸೋಯಾಕಾಯಿಯನ್ನು ಉಪ್ಪುನೀರಿನಲ್ಲಿ ಕುದಿಸಿ ಊಟಕ್ಕೆ ಮೊದಲು ತಿನ್ನುತ್ತಾರೆ, ಅದಕ್ಕೆ ಎಡಮಾಮೆ ಎನ್ನುತ್ತಾರೆ ಎಂದಳು. "ಎಣ್ಣಿ ಮಿಲ್ಲಿಗೆ ಹೋಗೂದು, ದನಕ್ಕ ಹಿಂಡಿ ಆಗೂದು, ಅದನ್ನ ಮಂದಿ ತಿಂತಾರೇನ?" ಎಂದು ಅತ್ತೆಯವರು ಬಾಯಿಗೆ ಸೆರಗು ಹಿಡಿದರು. ಅವಳು ಬರೀ ಉಪ್ಪು ಹಾಕಿ ಕೊಟ್ಟದ್ದಕ್ಕೆ ನೀವು ಮುಖ ಕಿವುಚಿದಿರಿ. ನನಗೆ ಸುಮ್ಮನಿರಲಾಗಲಿಲ್ಲ. ಮರುದಿನ ಕಾಯಿಯ ತುದಿ ಕತ್ತರಿಸಿ, ಕುದಿಸಿ, ನೀರು ಬಸಿದು, ಶೇಂಗಾ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಮನೆಯ ಮಸಾಲೆ ಖಾರ ಹಾಕಿ ಹೊರಳಾಡಿಸಿದೆ. ಇಳಿಸುವ ಮುಂಚೆ ಚೂರು ಬೆಲ್ಲ, ಇಳಿಸಿದ ಮೇಲೆ ಗುರೆಳ್ಳು ಪುಡಿ, ಲಿಂಬೆ ರಸ. ಸಿಪ್ಪೆಯನ್ನು ಹಲ್ಲಲ್ಲಿ ಕಚ್ಚಿ ಎಳೆದರೆ ಖಾರವೆಲ್ಲ ನಾಲಿಗೆಗೆ, ಕಾಳು ಬಾಯಿಗೆ. ನೀವು ತಟ್ಟೆ ಖಾಲಿ ಮಾಡಿ ಬೆರಳು ಚೀಪಿದಿರಿ. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಮೊದಲ ಸಲ, "ಭಾರಿ ಆಗೇತಿ" ಎಂದಿರಿ. ಆ ಎರಡು ಮಾತಿಗೆ ನಾನು ಮಾರುಹೋದೆ.

ತಪ್ಪು ಅಲ್ಲಿಂದ ಶುರುವಾಯಿತು, ಮತ್ತು ತಪ್ಪು ನನ್ನದು. ನೀವು ಸಂಕೇಶ್ವರದಲ್ಲಿ ಕುಡಿದು ಬರುವಾಗ ಹೈವೇಯಲ್ಲಿ ಗಾಡಿಯಿಂದ ಬಿದ್ದಿರಲ್ಲ, ಆಗ ಡಾಕ್ಟರು, ಖಾಲಿ ಹೊಟ್ಟೆಯಲ್ಲಿ ಕುಡಿದೇ ಹೀಗಾಗಿದೆ ಎಂದರು. ಕುಡಿಯುವುದನ್ನು ಬಿಡಿಸಿ ಎಂದೂ ಹೇಳಿದ್ದರು. ನನ್ನ ಕಿವಿಗೆ ಮೊದಲನೆಯದು ಮಾತ್ರ ಬಿತ್ತು. ಹೊರಗೆ ಬಿದ್ದು ಸಾಯುವುದಕ್ಕಿಂತ ಕಣ್ಣೆದುರು ಇರಲಿ ಎಂದುಕೊಂಡೆ. ಲಿಂಗಪೂಜೆಯ ಮನೆಯೊಳಗೆ ಬಾಟಲಿ ಬೇಡವೆಂದು ಕೊಟ್ಟಿಗೆಯ ಬಾಜೂ ಖೋಲಿ ಸಾರಿಸಿ, ಚಾಪೆ ಹಾಸಿ ಕೊಟ್ಟವಳು ನಾನೇ. ತಟ್ಟೆ ತುಂಬ ಕಾಯಿ ಇಟ್ಟವಳೂ ನಾನೇ. ನಿಮ್ಮ ಜೊತೆ ಕುಡಿಯಲು ಗೆಳೆಯರಾದ ಸದಾಶಿವ, ಉದ್ದಪ್ಪ ದಿನವೂ ಬರತೊಡಗಿದರು. "ವೈನಿ, ನಿಮ್ಮ ಕೈಗೆ ಬಂಗಾರದ ಬಳಿ ಹಾಕಬೇಕ್ರಿ" ಎಂದರೆ ನಾನು ಒಳಗೆ ಹೋಗಿ ಇನ್ನೊಂದು ಬುಟ್ಟಿ ಕಾಯಿ ಒಲೆಗಿಡುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಕಾಯಿಯ ಕಾಲ ಮುಗಿದ ಮೇಲೂ ಖೋಲಿ ಮುಚ್ಚಲಿಲ್ಲ, ಕಾಯಿಯ ಜಾಗಕ್ಕೆ ಶೇಂಗಾ ಬಂತು.

ಅತ್ತೆಯವರು ಬೈದರೆ ನಾನೇ ನಿಮ್ಮ ಪರ ವಕೀಲಕಿ ಮಾಡುತ್ತಿದ್ದೆ. ಶ್ರಾವಣ ಪೂರ್ತಿ ಒಂದು ಹನಿ ಮುಟ್ಟುವುದಿಲ್ಲ, ಶ್ರಾವಣ ಹಿಡಿಯುವ ಗಂಡಸು ಕುಡುಕ ಹೇಗಾದಾನು ಎನ್ನುತ್ತಿದ್ದೆ. ಊರೇ ಹಾಗೆ ಅನ್ನುತ್ತದೆ, ಪ್ರತಿ ಮನೆಯ ಹೆಂಗಸೂ ಅದೇ ಲೆಕ್ಕ ಹಿಡಿದು ಸಮಾಧಾನ ಮಾಡಿಕೊಳ್ಳುತ್ತಾಳೆ. ಆ ಒಂದು ತಿಂಗಳು ನೀವು ದಿನ ಎಣಿಸುತ್ತ ಕೂತಿರುತ್ತಿದ್ದಿರಿ ಎನ್ನುವುದು ನಮ್ಮ ಯಾರ ಕಣ್ಣಿಗೂ ಬೀಳಲಿಲ್ಲ. ಶ್ರಾವಣ ಮುಗಿಯುವುದಕ್ಕೂ ಹೊಲದಲ್ಲಿ ಕಾಯಿ ತುಂಬುವುದಕ್ಕೂ ಸರಿಹೋಗುತ್ತಿತ್ತು, ಅಮಾವಾಸ್ಯೆಯ ಮರುದಿನವೇ ಖೋಲಿಯಲ್ಲಿ ಹಬ್ಬ. ಈ ಸಲ ಮಾತ್ರ ಶ್ರಾವಣದ ಮೊದಲ ಸೋಮವಾರ, ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ, ನೀವು ಕುಡಿದು ಕೊಟ್ಟಿಗೆಯಲ್ಲಿ ಬಿದ್ದಿದ್ದಿರಿ. ಅತ್ತೆಯವರು ಬೈಯಲಿಲ್ಲ. ನಿಮ್ಮ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಅದನ್ನು ನೋಡಿ ನಾನು ಹೆದರಿದೆ. ಅದೇ ವಾರ ನಿಮ್ಮನ್ನು ಗೋಕಾಕದ ಕೇಂದ್ರಕ್ಕೆ ಸೇರಿಸಿದೆವು.

ಈಗ ಭಾನುವಾರದ ಸಂಗತಿ ಹೇಳುತ್ತೇನೆ, ಸಿಟ್ಟಾಗಬೇಡಿ. ಕಾಯಿ ಮಾಡಿ ಸ್ಟೀಲ್ ಡಬ್ಬಿಗೆ ತುಂಬಿ ಗೋಕಾಕದ ಬಸ್ಸು ಹತ್ತಿ ನಿಮ್ಮ ಕೇಂದ್ರಕ್ಕೆ ಬಂದಿದ್ದೆ. ಭೇಟಿಗೆ ಬಿಡುವುದಿಲ್ಲ ಎಂದು ಗೊತ್ತಿತ್ತು, ಡಬ್ಬಿಯನ್ನಾದರೂ ಒಳಗೆ ಬಿಡುತ್ತಾರೆ ಎಂದುಕೊಂಡಿದ್ದೆ. ನಿಮ್ಮೊಡನೆ ದಿನವೂ ಮಾತಾಡುವ ಅರ್ಚನಾ ಮೇಡಂ ಹೊರಗೆ ಬಂದು ಮುಚ್ಚಳ ತೆಗೆದು ನೋಡಿದರು. ಇದನ್ನು ಯಾವಾಗ ತಿನ್ನುತ್ತಿದ್ದರು ಎಂದು ಕೇಳಿದರು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ, ಕುಡಿಯುವಾಗ ಎಂದೆ. "ಈ ರುಚಿ ನಾಲಿಗಿಗೆ ಬಿದ್ರ ಅದೂ ಬೇಕನಸತೈತ್ರಿ ಅಕ್ಕಾರ" ಎಂದು ಮುಚ್ಚಳ ಹಾಕಿ ಕೊಟ್ಟರು. ಆಮೇಲೆ, "ಅವ್ರು ಮನಿಗೆ ಬಂದು ಕೇಳಿದ್ರ ನೀವು ಇಲ್ಲ ಅಂತೀರೇನ್ರಿ?" ಎಂದರು. ನಾನು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಒಂದು ಕಾಯಿ ತಿಂದೆ. ಏನು ರುಚಿಯಾಗಿತ್ತು ಗೊತ್ತೇನು! ಅದಕ್ಕೇ ಅಳು ಬಂತು. ಮನೆಗೆ ಬಂದು ಎಮ್ಮೆಗೆ ಹಾಕೋಣವೆಂದರೆ ಖಾರ, ಅದಕ್ಕೂ ಆಗಲಿಲ್ಲ. ತಿಪ್ಪೆಗೆ ಸುರಿದೆ.

ಮಂಗಳವಾರ ಸದಾಶಿವ, ಉದ್ದಪ್ಪ ಇಬ್ಬರೂ ಬಂದಿದ್ದರು. "ಹದಿನಾಲ್ಕಕ್ಕ ಬರ್ತಾನಂತಲ್ರಿ ವೈನಿ? ಕಾಯೀನೂ ಹದಕ್ಕ ಬಂದಾವ" ಎಂದು ಹಲ್ಲು ಕಿರಿದರು. ಕಸಬರಿಗೆ ತಗೊಂಡು ಅಟ್ಟಬೇಕೆಂದು ಎದ್ದವಳು ಚಹಾ ಮಾಡಿ ಕೊಟ್ಟು ಕಳಿಸಿದೆ. ನನ್ನ ಬಾಯಿ ಇಷ್ಟು ದೊಡ್ಡದಿದ್ದರೂ ಇಲ್ಲ ಎನ್ನುವ ಒಂದು ಮಾತು ಅದರಲ್ಲಿ ಇಲ್ಲ. ಮೂಡಲಗಿಯ ತವರಲ್ಲಿ ನನ್ನವ್ವ ಅಡುಗೆ ಕಲಿಸಿದಳು, ರಂಗೋಲಿ ಕಲಿಸಿದಳು, ಬಂದವರನ್ನು ಬರಿಗೈಲಿ ಕಳಿಸಬೇಡ ಎಂದು ಕಲಿಸಿದಳು, ಇದೊಂದನ್ನು ಕಲಿಸಲಿಲ್ಲ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡಂತಾಗಿದೆ ನನ್ನ ಬಾಳು, ನುಂಗಲೂ ಆಗದು, ಉಗುಳಲೂ ಆಗದು.

ಇರಲಿ. ಹೊತ್ತಿಗೆ ಸರಿಯಾಗಿ ಗುಳಿಗೆ ತೆಗೆದುಕೊಳ್ಳಿ. ಸಪ್ಪನ್ನ ಊಟವಾದರೂ ಹೊಟ್ಟೆ ತುಂಬ ಉಣ್ಣಿ. ಅತ್ತೆಯವರು ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಹೇಳಿದ್ದಾರೆ, ಶಿವಾನಿ ನಮಸ್ಕಾರ ತಿಳಿಸಿದ್ದಾಳೆ. ಬಸವಣ್ಣ ನಿಮ್ಮನ್ನು ಕಾಯಲಿ.

ನಿಮ್ಮ
ರಾಜೇಶ್ವರಿ

ತಾ.ಕ.: ಅಂಚೆಯವರು ಬಾಗಿಲಿಗೆ ಬಂದು ನಿಂತಿದ್ದಾರೆ, ಬರೆಯಬೇಕಾದದ್ದೇ ಉಳಿದಿದೆ. ನಿನ್ನೆ ಮತ್ತೆ ಗೋಕಾಕಕ್ಕೆ ಬಂದು, ನಿಮ್ಮನ್ನು ಇನ್ನೊಂದು ತಿಂಗಳು ಅಲ್ಲೇ ಇಟ್ಟುಕೊಳ್ಳಿ ಎಂದು ಅರ್ಜಿಗೆ ಸಹಿ ಹಾಕಿದ್ದೇನೆ. ಕೆಳಗೆ ನಿಮ್ಮ ಸಹಿಯೂ ಬೇಕಂತೆ. ಹಾಕಿಬಿಡಿ, ನಿಮ್ಮ ಕಾಲು ಬೀಳುತ್ತೇನೆ. ಹದಿನಾಲ್ಕಕ್ಕೆ ಬಂದು ನೀವು ಕೇಳಿದರೆ ನಾನು ಮಾಡಿ ಕೊಟ್ಟೇ ಕೊಡುತ್ತೇನೆ, ನನಗೆ ಗೊತ್ತು. ದಸರೆಗೆ ಸೋಯಾ ಒಣಗಿ ರಾಶಿಯಾಗುತ್ತದೆ, ಆಮೇಲೆ ಬನ್ನಿ. ಆಗ ಹೊಲದಲ್ಲಿ ಒಂದು ಹಸಿ ಕಾಯಿಯೂ ಇರುವುದಿಲ್ಲ.