ಹಾಸಿಗೆ ಹೊಲಿಯುವವರ ಮನೆಯಲ್ಲಿ

ಅಕ್ಟೋಬರ್ ೧೪
ಮಂಗಳವಾರ, ಮಧ್ಯಾಹ್ನ

ನನ್ನ ಗುಬ್ಬೀ,

ನಿನಗೂ ಅಳಿಯಂದಿರಿಗೂ ಈ ಮಹಡಿ ಕೋಣೆಯಿಂದ ದೇವರ ಸಮಾಧಾನವನ್ನು ಕಳಿಸುತ್ತಿದ್ದೇನೆ. ಸಮುದ್ರ ದಾಟಿ ಬರುವಷ್ಟರಲ್ಲಿ ಎಲ್ಲೂ ಸೋರದೆ ತಲುಪಲಿ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಕೋಪಿಸಿಕೊಳ್ಳಬೇಡ ಎಂದು ಬರೆಯಲು ಹೊರಟೆ. ಆದರೆ ನೀನು ಯಾವತ್ತು ನನ್ನ ಮೇಲೆ ಕೋಪಿಸಿಕೊಂಡಿದ್ದೀಯ? ಪೆನ್ನು ಹಿಡಿದಾಗಲೆಲ್ಲ ಕೆಳಗಿನಿಂದ ಕರೆ ಬರುತ್ತಿತ್ತು: “ಅಮ್ಮಾ, ಹಾಸಿಗೆ ಆಯ್ತು, ಬಂದು ಮಲಕ್ಕೊಳ್ಳಿ!” ನಗಬೇಡ. ಸುವಾರ್ತೆ ಸಾರಿ ಜನರನ್ನು ಎಬ್ಬಿಸಲು ಬಂದ ನಿನ್ನ ಅಮ್ಮನಿಗೆ ಇಲ್ಲಿ ಸಿಕ್ಕಿರುವ ಮುಖ್ಯ ಕೆಲಸ ನಿದ್ದೆ ಮಾಡುವುದು. ಬಿಡಿಸಿ ಹೇಳುತ್ತೇನೆ.

ಮೊದಲು ನಿನ್ನ ಉತ್ತರದ ಮಾತು. ಇನ್ನೊಂದು ಅವಧಿ ಇಲ್ಲೇ ಇರುತ್ತೀರೋ, ವಾಪಸು ಬರುತ್ತೀರೋ ಎಂದು ಸಭೆಯ ಹಿರಿಯರು ನನ್ನನ್ನು ಕೇಳಿದ್ದರು. ನಾನು ನಿನ್ನನ್ನು ಕೇಳಿದೆ. “ನಿನ್ನಿಷ್ಟ ಅಮ್ಮ. ಇಲ್ಲಿ ಎಲ್ಲ ಚೆನ್ನಾಗಿದೆ, ನಮ್ಮ ಚಿಂತೆ ಬೇಡ” ಎಂದು ನೀನು ಬರೆದೆ. ಬಾ ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಆ ಸಾಲನ್ನು ಎಷ್ಟು ಸಲ ಓದಿದೆನೋ, ಅಷ್ಟು ಸಲ ಹಿರಿಯರಿಗೆ ಬರೆಯುವುದನ್ನು ಮುಂದೂಡಿದೆ. ಕೊನೆಗೆ ನಿನ್ನೆ ಬರೆದು ಅಂಚೆಗೆ ಹಾಕಿದೆ.

ನನ್ನ ಹಳೆಯ ಬಾಡಿಗೆ ಕೋಣೆಯ ಮಾಡು ಕುಸಿದದ್ದನ್ನು ಹಿಂದೆ ಬರೆದಿದ್ದೆ. ಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು ಬೀದಿಯಲ್ಲಿ ನಿಂತಿದ್ದಾಗ ಎದುರು ಮನೆಯಿಂದ ಈ ಹಾಸಿಗೆ ಹೊಲಿಯುವವನು ಬಂದ. ಯಾರು, ಏನು, ಎಷ್ಟು ದಿನ ಎಂದು ಒಂದು ಮಾತೂ ಕೇಳದೆ ಪೆಟ್ಟಿಗೆ ಎತ್ತಿಕೊಂಡು ಒಳಗೆ ನಡೆದುಬಿಟ್ಟ. ಪೆಟ್ಟಿಗೆ ಹೋದ ಮೇಲೆ ನಾನೂ ಹೋಗಲೇಬೇಕಾಯಿತು. ಅವರು ನಮ್ಮ ಪ್ರಾರ್ಥನೆಗೆ ಬರುವ ಜನರಲ್ಲ, ಇಂದಿಗೂ ಬಂದಿಲ್ಲ. ಆದರೂ ಭಾನುವಾರ ನನ್ನ ಕೋಣೆಯಲ್ಲಿ ನಾಲ್ಕು ಜನ ಸೇರಿ ಹಾಡುವಾಗ, ನಮಗೆ ತೊಂದರೆಯಾದೀತೆಂದು ಕೆಳಗೆ ಹತ್ತಿ ಹಿಂಜುವುದನ್ನು ನಿಲ್ಲಿಸುತ್ತಾರೆ. ಹಾಡು ಮುಗಿದ ಮೇಲೆ ಯಜಮಾನ ಮೆಟ್ಟಿಲ ಬುಡದಿಂದ, “ದೇವರ ಹತ್ರ ಮಾತು ಮುಗೀತಾ ಅಮ್ಮ? ನಾವು ಶುರು ಮಾಡ್ಬಹುದಾ?” ಎಂದು ಕೇಳುತ್ತಾನೆ.

ಈ ಮನೆಯನ್ನು ನೀನು ನೋಡಬೇಕು ಗುಬ್ಬೀ. ಕೆಳಗೆ ಅಂಗಡಿ, ಮೇಲೆ ವಾಸ. ಕಿಟಕಿಯಿಂದ ಬಿಸಿಲು ಬಿದ್ದರೆ ಅದರೊಳಗೆ ಹತ್ತಿಯ ಎಳೆಗಳು ತೇಲುತ್ತಿರುತ್ತವೆ. ನೆಲಕ್ಕೆ ಬೀಳುವ ಆತುರ ಯಾವುದಕ್ಕೂ ಇಲ್ಲ. ಮೆಟ್ಟಿಲ ಮೇಲೆ ಹತ್ತಿ, ಯಜಮಾನನ ತಾಯಿ, ಈ ಮನೆಯ ಅಜ್ಜಿಯ ಹುಬ್ಬಿನ ಮೇಲೆ ಹತ್ತಿ, ನನ್ನ ಶಾಲಿನ ಮೇಲೆ ಹತ್ತಿ. ನಡೆದರೆ ಹೆಜ್ಜೆಯ ಸದ್ದಿಲ್ಲ. ಯಜಮಾನ ದಬ್ಬಣ ಚುಚ್ಚಿ ದಾರ ಎಳೆಯುವ ಸರ್ರೆನ್ನುವ ಸದ್ದೊಂದೇ ಮಧ್ಯಾಹ್ನದುದ್ದಕ್ಕೂ ಕೇಳುತ್ತದೆ. ನಾನು ಎಚ್ಚರವಾಗಿದ್ದೇನೋ ಕನಸು ಕಾಣುತ್ತಿದ್ದೇನೋ ಎಂದು ಎಷ್ಟೋ ಸಲ ಗೊತ್ತಾಗುವುದೇ ಇಲ್ಲ.

ನನಗೆ ಸಲ್ಲುವ ಉಪಚಾರ ಹೇಳತೀರದು. ಮನೆಯ ಕುರ್ಚಿಗಳಲ್ಲಿ ಕಾಲು ಗಟ್ಟಿಯಿರುವುದು ನನಗೆ. ಬಿಸಿ ಆರದ ತುತ್ತು ನನಗೆ. ಒಂದು ಲೋಟ ತೊಳೆಯಲು ಹೋದರೂ ಅಜ್ಜಿಯ ಸೊಸೆ ಓಡಿಬಂದು, “ಅಯ್ಯೋ, ನೀವು ಕೂತ್ಕೊಳ್ಳಿ” ಎಂದು ಕಿತ್ತುಕೊಳ್ಳುತ್ತಾಳೆ. ಕೂತು ಕೂತು ನನ್ನ ಮಂಡಿ ಹಿಡಿದುಹೋಗಿದೆ.

ಇನ್ನು ನಿದ್ದೆಯ ವಿಷಯ. ಈ ಮನೆಯಲ್ಲಿ ಹೊಸ ಹಾಸಿಗೆ ಹೊಲಿದು ಮುಗಿದರೆ, ಕೊಂಡವರ ಮನೆಗೆ ಕಳಿಸುವ ಮೊದಲು ಹೊರಗಿನವರು ಯಾರಾದರೂ ಅದರ ಮೇಲೆ ಒಂದು ಮಧ್ಯಾಹ್ನ ಮಲಗಿ ನೋಡಬೇಕು. “ಮಾಡಿದೋನ ಬೆನ್ನಿಗೆ ತನ್ನ ಹಾಸಿಗೆ ಎಲ್ಲಾ ಮೆತ್ತಗೇ ಇರತ್ತೆ” ಎನ್ನುತ್ತಾನೆ ಯಜಮಾನ. ಮೊದಲೆಲ್ಲ ಪಕ್ಕದ ಅಂಗಡಿಯವರನ್ನು ಕರೆಯುತ್ತಿದ್ದರಂತೆ. ಈಗ ಮನೆಯಲ್ಲೇ ನೆಂಟರಿರುವಾಗ ಆ ಮರ್ಯಾದೆ ಇನ್ನೊಬ್ಬರಿಗೆ ಏಕೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮವರು ಸುಮ್ಮನೆ ಹೇಳಿದರು. ಇಲ್ಲಿ ಮೊದಲು ನನ್ನ ಕಾಲು ಚಾಚಿಸಿ ಆಮೇಲೆ ಹಾಸಿಗೆಯ ಅಂಚು ಹೊಲಿಯುತ್ತಾರೆ.

ಎಷ್ಟು ಜನರ ಹಾಸಿಗೆಯ ಮೊದಲ ನಿದ್ದೆ ನನ್ನದೋ! ಮದುವಣಗಿತ್ತಿಯದು, ಒಬ್ಬ ನ್ಯಾಯಾಧೀಶರದು, ಕಾಯಿಲೆಯಿಂದ ಮೇಲೇಳದ ಒಬ್ಬ ಮುದುಕನದು. ಕಣ್ಣು ಮುಚ್ಚಿದರೆ ಅವರವರ ಮುಂದಿನ ಕನಸುಗಳ ಅಂಚಿನಲ್ಲಿ ಮಲಗಿದ ಹಾಗೆ ಅನ್ನಿಸುತ್ತದೆ. ನನಗೆ ಮಾತ್ರ ಯಾರ ಹಾಸಿಗೆಯ ಮೇಲೆ ಮಲಗಿದರೂ ಒಂದೇ ಕನಸು. ಬಿಳಿಯ ಗೋಡೆಯ ಕೋಣೆ. ನೀನು ನನಗೆ ಬೆನ್ನು ಹಾಕಿ ಕೂತು ಬಟ್ಟೆ ಮಡಿಚುತ್ತಿರುತ್ತೀಯ. ಕರೆಯುತ್ತೇನೆ. “ಹೂಂ ಅಮ್ಮ” ಎನ್ನುತ್ತೀಯ, ತಿರುಗುವುದಿಲ್ಲ. ಎದ್ದಾಗ ಮುಖದ ಮೇಲೆ ಹತ್ತಿ ಕೂತಿರುತ್ತದೆ, ಮನೆಮಂದಿಯೆಲ್ಲ ಸುತ್ತ ನಿಂತು, “ಹೇಗಿದೆ? ಹೇಗಿದೆ?” ಎನ್ನುತ್ತಿರುತ್ತಾರೆ.

ನಾನು ಪ್ರತಿ ಸಲವೂ, “ಸ್ವರ್ಗ!” ಎನ್ನುತ್ತಿದ್ದೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮಮ್ಮ ತಲೆಗೆ ಮೊಟಕಿ ಕಲಿಸಿದ್ದಳಲ್ಲ. ಇಷ್ಟು ಪ್ರೀತಿಯಿಂದ ಮಲಗಿಸಿದವರಿಗೆ ಬೇರೆ ಏನು ಹೇಳಲಿ? ಒಂದು ದಿನ ಎಡ ಹೆಗಲ ಕೆಳಗೆ ಗಟ್ಟಿಯಾಗಿ ಏನೋ ಒತ್ತಿತು. ಆ ಮಗ್ಗುಲಿಗೆ ಹೊರಳದೆ ಮಲಗಿದ್ದು, ಎದ್ದ ಮೇಲೆ ಅದಕ್ಕೂ ಸ್ವರ್ಗವೆಂದೇ ಹೇಳಿದೆ.

ಆ ಹಾಸಿಗೆ ಔಷಧಿ ಅಂಗಡಿಯವರಿಗೆ ಹೋಯಿತು. ಅವರು ಮೊದಲೇ ನಡುನೋವಿನ ಮನುಷ್ಯ. ಮಾರನೆಯ ದಿನವೇ ತಳ್ಳುಗಾಡಿಯಲ್ಲಿ ಹಾಸಿಗೆ ಹೇರಿಕೊಂಡು ಬಂದು, ಬೀದಿಗೆಲ್ಲ ಕೇಳುವಂತೆ, “ಇದು ಹಾಸಿಗೆನಾ, ಕಲ್ಲಿನ ಗಣಿನಾ? ಔಷಧಿ ಮಾರೋನಿಗೇ ಔಷಧಿ ಬೇಕಾಯ್ತಲ್ಲ!” ಎಂದು ಕೂಗಾಡಿದರು. ಯಜಮಾನ ಶಾಂತವಾಗಿ, “ಸಾಧ್ಯಾನೇ ಇಲ್ಲ. ನಮ್ಮಮ್ಮ ಇದರ ಮೇಲೆ ಮಲಗಿ ಎದ್ದು ಚೆನ್ನಾಗಿದೆ ಅಂದಿದ್ದಾರೆ. ಅವರು ಸುಳ್ಳು ಹೇಳೋರಲ್ಲ” ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಲ್ಲಿನ ಭಾಷೆ ನನ್ನ ಬಾಯಲ್ಲಿ ಇನ್ನೂ ಬಿಸಿ ಗಂಜಿಯ ಹಾಗೆ, ಆದರೂ ತೊದಲುತ್ತ, “ಒತ್ತುತ್ತಿತ್ತು. ನಾನೇ ಹೇಳಲಿಲ್ಲ” ಎಂದೆ.

ಯಜಮಾನ ಔಷಧಿ ಅಂಗಡಿಯವರ ಕೈ ಹಿಡಿದು ಕ್ಷಮೆ ಕೇಳಿ, ಹಾಸಿಗೆ ಇಳಿಸಿಕೊಂಡ. ಅವನ ತಾಯಿ ಬಿಡಬೇಕಲ್ಲ! ಆ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನನ್ನೆದುರು ಬಂದು ನಿಂತಳು.

“ಭಾನುವಾರ ಆದ್ರೆ ಸಾಕು, ಸತ್ಯ ಹೇಳಿ, ಸತ್ಯ ಹೇಳಿ ಅಂತ ಮೇಲೆ ಬೋಧನೆ ಮಾಡ್ತೀಯ. ಸೋಮವಾರ ಕೆಳಗೆ ಬಂದು ನಮ್ಮ ಹಾಸಿಗೆ ಮೇಲೆ ಬಿದ್ಕೊಂಡು ಸುಳ್ಳು ಹೇಳ್ತೀಯ! ನನ್ನ ಮಗನ ಮರ್ಯಾದೆ ಬೀದಿಪಾಲಾಯ್ತಲ್ಲ, ನಾಚ್ಕೆ ಆಗಲ್ವಾ ನಿಂಗೆ?”

“ನಿಮಗೆ ಬೇಜಾರಾಗುತ್ತೆ ಅಂತ...” ಎಂದೆ.

“ಬೇಜಾರಾದ್ರೆ ಬಿಚ್ಚಿ ಹೊಲೀತಿದ್ವಿ! ನಮ್ಮನ್ನೇನು ಬೇರೆಯವರು ಅಂದ್ಕೊಂಡಿದ್ದೀಯಾ? ಕೂತ್ಕೋ ಇಲ್ಲಿ. ಬಿಚ್ಚು.”

ದಬ್ಬಣ ಕೈಗೆ ಕೊಟ್ಟಳು. ನೆಲದ ಮೇಲೆ ಕೂತೆ. ಸೊಸೆ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಹೊಲಿಗೆ ಬಿಚ್ಚಿದೆವು. ಹೆಗಲ ಜಾಗದಲ್ಲಿ ಒದ್ದೆಯಾಗಿ ಗಂಟುಕಟ್ಟಿದ ಹತ್ತಿಯಿತ್ತು. ಅದನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ಹಿಂಜಿದೆ. ಅಜ್ಜಿ ನಡುನಡುವೆ, “ಅಷ್ಟು ದಪ್ಪ ಬೇಡ, ಕಣ್ಣು ಎಲ್ಲಿಟ್ಟಿದ್ದೀಯ?” ಎಂದು ಬಯ್ಯುತ್ತಲೇ ಇದ್ದಳು. ಸಂಜೆ ಯಾರೂ ನನ್ನ ಕೈಯಿಂದ ಲೋಟ ಕಿತ್ತುಕೊಳ್ಳಲಿಲ್ಲ. ನನ್ನದನ್ನು ತೊಳೆದೆ, ಅಜ್ಜಿ ತನ್ನದನ್ನೂ ನನ್ನ ಕಡೆ ತಳ್ಳಿದಳು. ನನಗೆ ಎಷ್ಟು ಸುಖವಾಯಿತೆಂದರೆ, ಲೋಟ ಹಿಡಿದುಕೊಂಡೇ ಅತ್ತುಬಿಟ್ಟೆ. ನಿಮ್ಮಪ್ಪ ಹೋದ ಮೇಲೆ ನನ್ನನ್ನು ಯಾರೂ ಬೈದಿರಲಿಲ್ಲ ಕಣೇ.

ಅಂದಿನಿಂದ ನನ್ನ ಮಂಡಿನೋವು ಹೋಯಿತು. ಮಲಗಿ ಎದ್ದು ಮೂಗು ಮುರಿದು ಹತ್ತು ಹೆಸರಿಡುತ್ತೇನೆ. “ಇವಳ ಬೆನ್ನಿಗೆ ಈಗ ನಾಲಿಗೆ ಬಂತು” ಎಂದು ಯಜಮಾನ ತಲೆ ಚಚ್ಚಿಕೊಳ್ಳುತ್ತಾನೆ, ಆದರೆ ಬಿಚ್ಚಿ ಹೊಲಿಯುತ್ತಾನೆ. ಇಂಥ ಮನೆ ಬಿಟ್ಟು ಬರಲು ಯಾರಿಗೆ ಮನಸ್ಸಾದೀತು?

ಮೊನ್ನೆ ಹತ್ತಿ ಹಿಂಜುತ್ತ ಕೂತಾಗ ಅಜ್ಜಿ, “ಮಗಳು ಏನಂತ ಬರೆದಿದ್ದಾಳೆ?” ಎಂದು ಕೇಳಿದಳು. “ಎಲ್ಲ ಚೆನ್ನಾಗಿದೆ ಅಂತ” ಎಂದೆ.

ಅಜ್ಜಿ ತಲೆಯೆತ್ತದೆ, “ನೀನೂ ಹಾಗೇ ಅಂತಿದ್ದೆ” ಎಂದಳು.

ನಾನೂ ತಲೆಯೆತ್ತಲಿಲ್ಲ. ಬಿಸಿಲು ಗೋಡೆ ಹತ್ತುವವರೆಗೂ ಇಬ್ಬರೂ ಹಿಂಜಿದೆವು.

ಕಾಗದ ಮುಗಿಯುತ್ತ ಬಂತು. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಕೆಮ್ಮನ್ನು ಅಸಡ್ಡೆ ಮಾಡಬಾರದೆಂದು ಹೇಳು. ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನನ್ನು ರೂಪಿಸಿದ ದೇವರು ನಿನ್ನ ಮಂಚದ ಪಕ್ಕದಲ್ಲೇ ಕೂತಿರಲಿ, ಎದ್ದು ಹೋಗದಿರಲಿ.

ನಿನ್ನನ್ನು ಬಹಳ ನೆನೆಸುವ,
ಅಮ್ಮ

ಮರೆತ ಮಾತು: ಮರೆತದ್ದಲ್ಲ. ಮೊದಲ ಸಾಲಿನಿಂದಲೂ ಇದನ್ನೇ ಬರೆಯಬೇಕೆಂದಿದ್ದೆ, ಕೈ ಬರಲಿಲ್ಲ. ಹೋದ ವಾರ ನಿನ್ನ ದೊಡ್ಡಮ್ಮ ಫೋನ್ ಮಾಡಿದ್ದಳು. “ಗುಬ್ಬಿ ಈಗ ಪರವಾಗಿಲ್ಲ, ಎದ್ದು ಓಡಾಡ್ತಾಳೆ” ಎಂದಳು. ಏನಾಗಿತ್ತು ಎಂದು ಕೇಳಿದೆ. ನನಗೆ ಗೊತ್ತಿಲ್ಲವೆಂದು ಅವಳಿಗೆ ಆಗ ತಿಳಿಯಿತು. ನೀನು ಬಸುರಿಯಾಗಿದ್ದದ್ದನ್ನು ಹೇಳಲಿಲ್ಲ. ಹೇಳಿದರೆ ಅಮ್ಮ ದೇವರ ಕೆಲಸ ಬಿಟ್ಟು ಓಡಿಬರುತ್ತಾಳೆ ಎಂದೆಯಂತೆ. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗು, ಸಂಜೆಯವರೆಗೂ ಉಳಿಯಲಿಲ್ಲವಂತೆ. ಆ ವಾರವೇ ನೀನು ನನಗೆ ಪತ್ರ ಬರೆದಿದ್ದೀಯ, ತಾರೀಖು ನೋಡಿದೆ. ಕಿಟಕಿಗೆ ಹೊಸ ಪರದೆ ಹಾಕಿಸಿದ್ದನ್ನು ಬರೆದಿದ್ದೀಯ, ಇಲ್ಲಿನ ಹವೆ ಹೇಗಿದೆ ಎಂದು ಕೇಳಿದ್ದೀಯ. ಊರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಮಾತ್ರ ನೆಂಟರಿಗೆ ಹೇಳುವ ಹಾಗೆ “ಎಲ್ಲ ಚೆನ್ನಾಗಿದೆ” ಎಂದೆ.

ಬರುತ್ತಿದ್ದೇನೆಂದು ಹಿರಿಯರಿಗೆ ಬರೆದಾಯಿತು. ಈ ಸಲ ನಿನ್ನಿಷ್ಟ ಕೇಳುತ್ತಿಲ್ಲ. ನನ್ನ ಮೇಲೆ ಕೂಗಾಡುವುದಿದ್ದರೆ ಕೂಗಾಡು, ಅಳುವುದಿದ್ದರೆ ಅಳು, ನಾನಿರುತ್ತೇನೆ.

ದಿನಾ ಬೆಳಿಗ್ಗೆ ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥಿಸುತ್ತೇನೆ. ಔಷಧಿ ಅಂಗಡಿಯವರ ನಡುವನ್ನೂ ಬಿಡುವುದಿಲ್ಲ. ಈ ವಾರವೆಲ್ಲ ನಿನ್ನ ಹೆಸರು ಹೇಳಿದ ಮೇಲೆ ಮುಂದಕ್ಕೆ ಏನು ಹೇಳಲಿ ಎಂದು ತಿಳಿಯದೆ ಅಲ್ಲೇ ನಿಂತುಬಿಡುತ್ತೇನೆ. ಅವಳಿಗೆ ಹೆಸರಿಟ್ಟಿದ್ದೆಯಾ ಮಗಳೇ?