ಕೆಂಪು ಮರಿಗಳ ಮೇಲೆ ಕಪ್ಪೆ ಎಸೆಯುವ ಮುನ್ನ

ಆರಿದ್ರಾ ಮಳೆಯ ಐವತ್ತಮೂರನೆಯ ದಿನ, ೨೨೧೪
ದೊಡ್ಡಮಾಳದ ಕೆರೆ, ಮೂಡಣ ಏರಿ

ಪ್ರೀತಿಯ ಪುಟ್ಟಮಾದಣ್ಣನವರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಆರಿದ್ರಾ ಎರಡು ವಾರಕ್ಕೆ ಮುಗಿಯುತ್ತಿತ್ತೆಂದು ಓದಿದ್ದೇನೆ. ಈಗ ಅದು ಬಂದರೆ ಎದ್ದು ಹೋಗುವುದೇ ಇಲ್ಲ. ಹಿಟ್ಟು ಜರಡಿ ಹಿಡಿದ ಹಾಗೆ ಸಣ್ಣಗೆ ಎಂಬತ್ತು ತೊಂಬತ್ತು ದಿನ ಉದುರುತ್ತಲೇ ಇರುತ್ತದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ. ನಿಮ್ಮ ‘ಕಪ್ಪೆ ಗಾಳದ ಗೆಳೆಯರು’ ಗ್ರೂಪಿನ ಹಳೆಯ ಮೆಸೇಜುಗಳನ್ನು ಓದಿ ಓದಿ ಕಲಿತೆ. ಹಾಗಾಗಿ ಗೌರವ ಕೊಡಬೇಕಾದ ಕಡೆ ಎಲ್ಲಾದರೂ ‘ಗುರು’ ಅಂದುಬಿಟ್ಟರೆ ಅದು ನಿಮ್ಮದೇ ತಪ್ಪು.

ನನ್ನ ಹೆಸರು ನೀರಜೆ. ಹದಿನೇಳು ವರ್ಷ. ಈ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಹಳೆಯ ಮಾತುಕತೆಯೊಂದು ನಿಂತುಹೋದ ಜಾಗ ಹುಡುಕಿ, ಅದರ ಕೆಳಗೆ ಇಂದಿನವರು ಬರೆದು ಸೇರಿಸುವ ಓಲೆ ಇದು; ಆ ಕಾಲದವರಿಗೇ ತಲುಪುತ್ತದೆ ಎಂಬ ನಂಬಿಕೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ ಅವಕಾಶ. ಗೆಳತಿ ಚಂಪಕ ತನ್ನದನ್ನು ಯಾವುದೋ ಮುತ್ತಜ್ಜಿಗೆ ಒಬ್ಬಟ್ಟಿನ ಹದ ಕೇಳಲು ಖರ್ಚು ಮಾಡಿದಳು. ಉತ್ತರಕ್ಕೆ ಇನ್ನೂ ಕಾಯುತ್ತಿದ್ದಾಳೆ. ನಾನು ನಿಮಗೆ ಬರೆಯುತ್ತೇನೆ ಅಂದಾಗ ಅಮ್ಮ, “ಇರೋದೊಂದು ಓಲೆ, ಅದೂ ಪಂಕ್ಚರ್ ಅಂಗಡಿಯವನಿಗಾ?” ಎಂದು ಎರಡು ದಿನ ಮಾತು ಬಿಟ್ಟಳು.

ಆದರೆ ಅಣ್ಣಾ, ಅಮ್ಮನಿಗೇನು ಗೊತ್ತು? ನೀವು ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಕೊಯ್ದು, ಮೀನಿಗೆ ಆಸೆ ತೋರಿಸುವ ಕಪ್ಪೆ ಮಾಡಿದ್ದನ್ನು ಅವಳು ನೋಡಿಲ್ಲ. ಹೊಟ್ಟೆಯೊಳಗೆ ಸೈಕಲ್ ಕಡ್ಡಿ, ಹಿಂಗಾಲಿಗೆ ರಬ್ಬರ್ ಬ್ಯಾಂಡಿನ ಗೊಂಚಲು, ಎಲೆಗೆ ಸಿಕ್ಕಿಕೊಳ್ಳದಂತೆ ಬೆನ್ನಿಗೆ ಒರಗಿಸಿದ ಎರಡು ಗಾಳ. ನೀವು ಗ್ರೂಪಿಗೆ ಹಾಕಿದ ಆ ನಾಲ್ಕು ಫೋಟೊಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಇಲ್ಲಿ ಚಪ್ಪಲಿ ಸಿಗುವುದಿಲ್ಲ. ಹಳೆವಸ್ತುಗಳ ಮನೆಯಲ್ಲಿ ಮೂರು ತಿಂಗಳು ಗೋಗರೆದ ಮೇಲೆ ಅರ್ಧ ಚಪ್ಪಲಿ ಕೊಟ್ಟರು, ಎಡಗಾಲಿನದು. ಯಾರದೋ ಹೆಬ್ಬೆರಳು ತುಳಿದು ತುಳಿದು ಮೂಡಿಸಿದ ಗುಳಿ ಅದರಲ್ಲಿ ಹಾಗೇ ಇತ್ತು. ಆ ಗುಳಿಯೇ ನನ್ನ ಕಪ್ಪೆಯ ಬೆನ್ನು.

ಎಸೆಯುವುದನ್ನೂ ನಿಮ್ಮಿಂದಲೇ ಕಲಿತೆ. ಕಪ್ಪೆಯನ್ನು ನೀರಿಗಲ್ಲ, ತಾವರೆ ಎಲೆಯ ಮೇಲೆ ಬೀಳಿಸಬೇಕು. ಒಂದು ಉಸಿರು ಸುಮ್ಮನಿರಬೇಕು. ಆಮೇಲೆ ಗಾಳದ ರಾಡಿನ ತುದಿ ಅಲ್ಲಾಡಿಸಿ, ಕಪ್ಪೆಗೇ ಬೇಜಾರಾಗಿ ಇಳಿದಂತೆ ಎಲೆಯಿಂದ ನೀರಿಗೆ ಜಾರಿಸಬೇಕು. ಮೀನು ಕಚ್ಚಿ ನೀರು ಸಿಡಿದ ಕೂಡಲೇ ಎಳೆಯಬಾರದು. ಹೊಸಬನೊಬ್ಬನಿಗೆ ನೀವು ಬರೆದದ್ದು ನನಗೆ ಬಾಯಿಪಾಠ: “ಆತ್ರಗೆಟ್ಟು ಎಳುದ್ರೆ ಕಪ್ಪೆ ಬಂದು ನಿನ್ ಮೂತಿಗೇ ಬಡೀತದೆ ಕಣ್ಲಾ. ಒಂದು ಅನ್ನು. ಎರಡು ಅನ್ನು. ಆಮೇಲೆ ಎಳಿ.”

ನಿಮ್ಮ ದೊಡ್ಡಮಾಳದ ಕೆರೆಯೇ ನಮ್ಮ ಕೆರೆ. ಈಗ ಸುತ್ತಲಿನ ಏಳು ಕೆರೆಗಳು ಅದಕ್ಕೆ ಕೂಡಿಕೊಂಡಿವೆ. ಮನೆಗಳೆಲ್ಲ ನೀರಿನ ಮೇಲಿವೆ. ಮನೆಯಿಂದ ಮನೆಗೆ ಜೊಂಡು ಹೆಣೆದ ತೇಲುದಾರಿಗಳು. ನಡೆದರೆ ಯಾರದೋ ಉಸಿರಿನ ಮೇಲೆ ಕಾಲಿಟ್ಟಂತೆ ಏರುತ್ತವೆ, ಇಳಿಯುತ್ತವೆ. ಪ್ರತಿ ಮನೆಯ ನೆಲದಲ್ಲೂ ನೀರುಗಿಂಡಿ ಎಂಬ ಗಾಜಿನ ಕಿಂಡಿ ಇರುತ್ತದೆ. ಮಧ್ಯಾಹ್ನ ಊಟವಾದ ಮೇಲೆ ನಾವು ಅದರ ಸುತ್ತ ಬೋರಲು ಮಲಗುತ್ತೇವೆ. ಕೆಳಗೆ ಹಸಿರು ಬೆಳಕು. ಅದರಲ್ಲಿ ಮೀನುಗಳು ನಮ್ಮ ನಿದ್ದೆಯೊಳಗಿಂದಲೇ ಹಾದುಹೋದ ಹಾಗೆ ಸರಿಯುತ್ತವೆ. ಯಾರೂ ಅವನ್ನು ತಿನ್ನುವುದಿಲ್ಲ. ವರ್ಷಕ್ಕೊಮ್ಮೆ ಎಸೆತದ ದಿನ ಬರುತ್ತದೆ. ಅಂದು ಮಾತ್ರ, ಮುಳ್ಳು ತೇದು ನುಣುಪಾಗಿಸಿದ ಗಾಳದಲ್ಲಿ ಮೀನನ್ನು ಹಿಡಿದು, ಮುಟ್ಟಿ, ಬಿಡಬಹುದು.

ಕಳೆದ ವಾರ ನನ್ನ ಮೊದಲ ಎಸೆತದ ದಿನ. ಈ ವರ್ಷ ಇಡೀ ಕೆರೆಯಲ್ಲಿ ಮರಿ ಮಾಡಿದ್ದು ಹೂಮುರ್ಲು ಮೀನಿನ ಒಂದೇ ಜೋಡಿ. ಹಾವಿನ ತಲೆಯ, ಮೈಮೇಲೆ ಹೂ ಚೆಲ್ಲಿದಂಥ ಆ ಮೀನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸಾವಿರಾರು ಕೆಂಪು ಮರಿಗಳು ಒಂದೇ ಮುದ್ದೆಯಾಗಿ, ಕುಂಕುಮ ಕದಡಿದ ಹಾಗೆ ತೇಲುತ್ತಿದ್ದವು. ಅಡಿಯಲ್ಲಿ ಅಪ್ಪ ಅಮ್ಮ ಎರಡೂ ಕಾವಲು. ನನಗೆ ನಿಮ್ಮ ಮೆಸೇಜು ನೆನಪಾಯಿತು: “ಕೆಂಪು ಮರಿ ಕಂಡ್ರೆ ಮಧ್ಯಕ್ಕೇ ಎಸೀರಿ. ತಾಯಿ ಗ್ಯಾರಂಟಿ.” ಅದರ ಕೆಳಗೆ ನಲವತ್ತೊಂದು ಚಪ್ಪಾಳೆ.

ಎಸೆದೆ. ಕೆರೆ ಒಡೆದುಹೋದಂತೆ ಸಿಡಿಯಿತು. ಒಂದು ಅಂದೆ, ಎರಡು ಅಂದೆ, ಎಳೆದೆ. ನನ್ನ ತೋಳಿನಷ್ಟು ಉದ್ದದ ತಾಯಿ! ಚಂಪಕಳಿಗೆ ತೋರಿಸಲು ನೀರಿನ ಬಕೆಟ್ಟಿನಲ್ಲಿ ಹಾಕಿಕೊಂಡು ತೇಲುದಾರಿಯುದ್ದಕ್ಕೂ ಓಡಿದೆ. ತಿರುಗಿ ಬರುವಷ್ಟರಲ್ಲಿ ಮರಿಗಳ ಮೇಲೆ ನೀರುಕಾಗೆಗಳು ಮುತ್ತಿದ್ದವು. ಗಂಡು ಮೀನು ಒಂದು ಕಡೆ ನುಗ್ಗಿದರೆ ಅವು ಇನ್ನೊಂದು ಕಡೆ ಮುಳುಗುತ್ತಿದ್ದವು.

ನಮ್ಮ ನೀರಗಂಟಿ ಚಿಕ್ಕತಾಯಮ್ಮ ಅಲ್ಲೇ ನಿಂತಿದ್ದರು. ಕೆರೆ ಕಾಯುವವರಿಗೆ ನಾವು ಈಗಲೂ ನೀರಗಂಟಿ ಅಂತಲೇ ಅನ್ನುತ್ತೇವೆ.

“ಹಸ್ದು ಬಂದು ಕಚ್ಚುದ್ಲು ಅಂದ್ಕೊಂಡ್ಯಾ ಅವ್ಳು?” ಅಂದರು.

“ಕಪ್ಪೆ ಅಂತ...”

“ಕಪ್ಪೆ ತಿನ್ನಕಲ್ಲ ಕಣವ್ವ. ಮಕ್ಕಳ ಮೇಲೆ ಯಾವ್ದೋ ಬಿತ್ತಲ್ಲ ಅಂತ ಓಡ್ಸಕ್ಕೆ ಬಂದ್ಳು. ಬಿಡು ಅವ್ಳ್ನ. ಇಳಿ ನೀರ್ಗೆ. ಅವ್ಳು ವಾಪಸ್ ಬರೋಗಂಟ ನೀನೇ ತಾಯಿ.”

“ಅವ್ಳು ಬರ್ದೇ ಇದ್ರೆ?”

“ಆಗ ನಾಳೆನೂ ನೀನೇಯ.”

ಇದಕ್ಕೆ ಮರಿಕಾವಲು ಎನ್ನುತ್ತೇವೆ. ತಾಯಿಯನ್ನು ಎಳೆದವರು ಸೊಂಟದವರೆಗೆ ನೀರಲ್ಲಿ ನಿಲ್ಲಬೇಕು. ಬಿಟ್ಟ ಕೂಡಲೇ ತಾಯಿ ಹೆದರಿ ಆಳಕ್ಕೆ ಹೋಗಿಬಿಟ್ಟಿತು. ನಾನು ನಿಂತೆ. ಜಿಟಿಜಿಟಿ ಮಳೆ. ಕೈ ಬೀಸಿ ಬೀಸಿ ಹಕ್ಕಿ ಓಡಿಸಿದೆ. ಆಮೇಲೆ ಎಲ್ಲ ನಿಶ್ಶಬ್ದವಾಯಿತು. ಮರಿಗಳು ಮೆಲ್ಲಗೆ ಬಂದು ನನ್ನ ಮೊಣಕಾಲಿನ ಸುತ್ತ ಸೇರಿಕೊಂಡವು. ಸಾವಿರ ಸಣ್ಣ ಬಾಯಿಗಳು ಚರ್ಮಕ್ಕೆ ತಾಗುತ್ತಿದ್ದವು, ಮಳೆಯೇ ನೀರಿನೊಳಗಿಂದ ಬೀಳುತ್ತಿದೆಯೇನೋ ಎಂಬಂತೆ. ಗಂಡು ನನ್ನ ಸುತ್ತ ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು ಹಾಕಿ, ನನ್ನನ್ನು ನಂಬುವುದೋ ಬೇಡವೋ ಎಂದು ಪಕ್ಕದಲ್ಲೇ ನಿಂತಿತು. ನಾವಿಬ್ಬರೂ ಹಾಗೆ ಎಷ್ಟು ಹೊತ್ತು ಇದ್ದೆವೋ. ಬೆಳಕು ಹಳದಿಯಾಗುವಾಗ ತಾಯಿ ಬಂದಳು. ನನ್ನ ಕಾಲಿಗೆ ಬಾಲದಿಂದ ಒಂದು ಏಟು ಕೊಟ್ಟೇ ಮರಿಗಳ ಅಡಿಗೆ ಹೋದಳು.

ದಡಕ್ಕೆ ಬಂದಾಗ ಚಿಕ್ಕತಾಯಮ್ಮ ನನ್ನ ಕಾಲು ಒರೆಸುತ್ತಾ, ನೀರಗಂಟಿಗಳು ತಲೆತಲಾಂತರದಿಂದ ಹೇಳಿಕೊಂಡು ಬಂದದ್ದನ್ನು ಹೇಳಿದರು. ಈ ಕೆರೆಯ ಹೂಮುರ್ಲುಗಳೆಲ್ಲ ಒಂದೇ ಬಸುರಿನ ಸಂತತಿಯಂತೆ. ಹಿಂದೆ ಯಾವುದೋ ಒಂದು ಆರಿದ್ರಾ ಮಳೆಯಲ್ಲಿ ತಾಯಿಯನ್ನು ಯಾರೋ ಎಳೆದುಕೊಂಡು ಹೋದರಂತೆ. ಗಂಡೊಂದೇ ಆ ಮರಿಗಳನ್ನು ಸಾಕಿತಂತೆ.

ನಾನು ಮನೆಗೆ ಬಂದವಳೇ ನಿಮ್ಮ ಗ್ರೂಪು ತೆರೆದು ಕೊನೆಯ ಮೆಸೇಜುಗಳನ್ನು ಮತ್ತೆ ಓದಿದೆ. ಆರಿದ್ರಾ, ಶನಿವಾರ, ಸಂಜೆ ನಾಲ್ಕು ಹತ್ತು. ನೀವು ತಾಯಿ ಮೀನನ್ನು ಎತ್ತಿ ಹಿಡಿದ ಫೋಟೊ, ಹಿಂದೆ ಇದೇ ಮೂಡಣ ಏರಿ. ಕೆಳಗೆ ನಿಮ್ಮ ಮಾತು: “ಗಂಡು ಇನ್ನೂ ಅಲ್ಲೇ ಸುತ್ತುತಾ ಅದೆ ಗುರು. ನಾಳೆ ಭಾನುವಾರ ಅದ್ಕೂ ಅದೆ ಹಬ್ಬ.” ಅದರ ಕೆಳಗೆ, ಯಾವಾಗಲೂ ನಿಮ್ಮ ಕಾಲೆಳೆಯುವ ಜುಬೇದಕ್ಕ ಒಂದು ಸಾಲು ಬರೆದಿದ್ದಾರೆ: “ಆ ಮರಿಗಳು ಏನ್ ಮಾಡ್ತವೋ ಮಾದು?” ಅಲ್ಲಿಗೆ ಮುಗಿಯಿತು. ಮುಂದೆ ಉಳಿದಿಲ್ಲ. ನಿಮ್ಮ ಉತ್ತರವಿಲ್ಲ.

ಚಂಪಕ ಕೇಳಿ ನಕ್ಕಳು. “ಈಗ ಕೆರೇಲಿ ಹೂಮುರ್ಲು ಅವೆಯಲ್ಲ, ಅಂದ್ರೆ ಭಾನುವಾರ ಆ ಗಂಡು ಹಿಡಿಯಕ್ಕೆ ಅವ್ನು ಹೋಗಿಲ್ಲ ಬಿಡೇ. ಸುಮ್ನೆ ಓಲೆ ಯಾಕ್ ಹಾಳು ಮಾಡ್ತೀಯ?” ಇರಬಹುದು. ಆದರೆ ನೀವು ಹೋಗದೆ ಉಳಿದದ್ದು ಈ ಓಲೆ ಬಂದದ್ದಕ್ಕೇ ಆಗಿದ್ದರೆ? ನನ್ನ ಮೊಣಕಾಲಿಗೆ ತಾಗಿದ ಆ ಬಾಯಿಗಳ ವಿಷಯದಲ್ಲಿ ನಾನು ಚಂಪಕಳ ಲೆಕ್ಕ ನಂಬಿ ಕೂರಲಾರೆ.

ಮೀನು ಹಿಡಿಯಬೇಡಿ ಎಂದು ಹೇಳಲು ನಾನು ಯಾರು ಅಣ್ಣಾ? ಭಾನುವಾರ ಹೋಗಿ. ಚಪ್ಪಲಿ ಕಪ್ಪೆಯನ್ನೇ ಕಟ್ಟಿ. ಪಡುವಣ ದಡದಲ್ಲಿ, ತಾವರೆ ತೆಳುವಾಗುವ ಕಡೆ ಎಸೆಯಿರಿ. ಅಲ್ಲಿ ಹಸಿದ ಮೀನುಗಳಿರುತ್ತವೆ, ಹಸಿವಿಗೆ ಕಚ್ಚುತ್ತವೆ. ಮೂಡಣ ಏರಿಯ ಕಡೆ ನೀರು ಕೆಂಪಗೆ ಕಂಡರೆ ಮಾತ್ರ ರಾಡು ಕೆಳಗಿಡಿ. ಸಾಧ್ಯವಾದರೆ ಒಂದಿಷ್ಟು ಹೊತ್ತು ನೀರಿಗಿಳಿದು ನಿಲ್ಲಿ. ಗಂಡು ಮೊದಲು ನಂಬುವುದಿಲ್ಲ. ಎರಡು ಸುತ್ತು ಹಾಕಲು ಬಿಡಿ.

ಮತ್ತೆ ಜುಬೇದಕ್ಕನಿಗೆ ಉತ್ತರ ಬರೆಯಿರಿ. ಅವರ ಪ್ರಶ್ನೆಯ ಕೆಳಗೆ ಒಂದು ಬೆರಳಷ್ಟು ಖಾಲಿ ಜಾಗವಿದೆ. ದಿನಾ ಬೆಳಿಗ್ಗೆ ಎದ್ದು, ನೀರುಗಿಂಡಿಯ ಪಕ್ಕ ಬೋರಲು ಮಲಗಿ, ನಾನು ಅದನ್ನೇ ನೋಡುತ್ತೇನೆ. ನೀವೇ ಕಲಿಸಿದ್ದೀರಲ್ಲ, ಆತುರಪಡುವುದಿಲ್ಲ.

ಒಂದು ಅಂದಿದ್ದೇನೆ. ಎರಡು ಅನ್ನದೆ ಕಾಯುತ್ತಿದ್ದೇನೆ.

ನಿಮ್ಮ ಶಿಷ್ಯೆ,
ನೀರಜೆ