ಅವ್ವನ ಬಾಯಾಗ ಆಯಿಯ ದನಿ

ಜಹೀರಾಬಾದ್
೪ ಅಕ್ಟೋಬರ್ ೨೦೧೧

ತಾಂಡೂರಿನ ಬಾಣಂತಿ, ನನ್ನ ಏಕಮಾತ್ರ ಅಕ್ಕ ಮಂಗಲಾಗೆ,

ನಿನ್ನ ತಮ್ಮನು ಜಳಕ ಮಾಡಿ, ಹಣೆಗೆ ಈಬತ್ತಿ ಹಚ್ಚಿಕೊಂಡು, ಸಂಪೂರ್ಣ ಗೊಂದಲದಲ್ಲಿ ಕುಳಿತು ಬರೆಯುವುದೇನೆಂದರೆ, ಇದು ಚೇಷ್ಟೆ ಅಲ್ಲ. ನಿನ್ನನ್ನು ನೋಡಲು ಬಂದ ಬೀಗರ ಚಹಾದಲ್ಲಿ ಉಪ್ಪು ಹಾಕಿದ ದಿನವೂ ಹೀಗೇ ಅಂದಿದ್ದೆ, ನೆನಪಿದೆ. ಈ ಸಲ ಖರೇನೇ ಚೇಷ್ಟೆ ಅಲ್ಲ.

ಸಮ್ಮೆಗೆ, ಅದೇ ಮುಷ್ಕರಕ್ಕೆ, ಬಸ್ಸು ನಿಂತು ನೀನು ತವರಿಗೆ ಬರಲಾಗದೆ ಅಲ್ಲೇ ಹೆತ್ತಿ. ಕೂಸಿನ ತೊಟ್ಟಿಲಿಗೆ ಅವ್ವನ ಜೋಗುಳವಾದರೂ ಬರಲಿ, ಹಳೇ ವಿಡಿಯೋ ಕ್ಯಾಸೆಟ್ಟಿಂದ ಸಿ.ಡಿ. ಮಾಡಿಸಿ ಕಳಿಸು ಅಂದಿ. ನನ್ನ ತೊಟ್ಟಿಲ ದಿನದ ಕ್ಯಾಸೆಟ್ಟು. ಅವ್ವ ಹಾಡುವುದು ಅದೊಂದರಲ್ಲೇ. ಅವಳು ಹೋದಾಗ ನಾನಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದೆ. ಆ ಕ್ಯಾಸೆಟ್ಟನ್ನು ನಾವು ಸಣ್ಣವರಿದ್ದಾಗ ನೋಡಿದ್ದೇ ಕಡೆ, ಅವಳ ದನಿ ನನಗೆ ನೆನಪೇ ಇಲ್ಲ. ನಿನಗಿಂತ ನನಗೇ ಅವಸರವಿತ್ತು.

ಆತ್ಮಾರಾಮ ಸೇಠರ ವಿಡಿಯೋ ಅಂಗಡಿಗೆ ಹೋದೆ. ನನ್ನ ಗೆಳೆಯ, ಝರಾಸಂಗದ ನರೇಶ, ಅಲ್ಲೇ ಕೆಲಸಕ್ಕಿದ್ದಾನೆ. ಸಿ.ಡಿ.ಯಲ್ಲಿ ಹಿಡಿಯುವಂತೆ ಚಿತ್ರ, ಧ್ವನಿ ಎರಡನ್ನೂ ಕೂಡಿ ಕುಗ್ಗಿಸು ಅಂದರೆ ಅವರ ಕಂಪ್ಯೂಟರು ಅರ್ಧಕ್ಕೆ ನಿಂತುಬಿಡುತ್ತದೆ. ಅದಕ್ಕೆ ಚಿತ್ರವನ್ನು ಬೇರೆ, ಧ್ವನಿಯನ್ನು ಬೇರೆ ಕುಗ್ಗಿಸಿ, ಕಡೆಗೆ ಎರಡಕ್ಕೂ ಲಗ್ನ ಮಾಡುತ್ತಾರೆ. ನಡುನಡುವೆ ಕರೆಂಟು ಹೋಗಿ ಮುಹೂರ್ತ ತಪ್ಪುತ್ತಲೇ ಇತ್ತು. ಅಂತೂ ಲಗ್ನವಾಯಿತು. ಅವ್ವ ತೊಟ್ಟಿಲು ತೂಗಿ ಬಾಯಿ ತೆರೆದಳು. ಬಂದದ್ದು ಆಯಿಯ ದನಿ. ದಿನಾ ಮುಂಜಾನೆ ನನ್ನನ್ನು ಬೈದು ಎಬ್ಬಿಸುವ ನಮ್ಮಜ್ಜಿ ಗುರುಲಿಂಗಮ್ಮನವರ ಖಾಸಾ ದನಿ.

ತಪ್ಪು ಎಲ್ಲಿದೆ ಎಂದು ನನಗೆ ಕೂಡಲೇ ಹೊಳೆಯಿತು. ಆಯಿ ಹಾಡಿರುವ ನಿನ್ನ ಲಗ್ನದ ಕ್ಯಾಸೆಟ್ಟನ್ನೂ ಕೊಟ್ಟಿದ್ದೆ. ಬೇರ್ಪಡಿಸಿದ ಎರಡು ಧ್ವನಿಗಳಿಗೆ ‘ಅವ್ವ’, ‘ಆಯಿ’ ಎಂದು ಹೆಸರು ಬರೆಸಿದ್ದೆ. ನಮ್ಮ ಮನೆಯಲ್ಲಿ ಅವ್ವ ಅಂದರೆ ತಾಯಿ, ಆಯಿ ಅಂದರೆ ಅಜ್ಜಿ. ನರೇಶನ ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ಸೇಠರ ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಒಂದು ಅಂಗಡಿಯಲ್ಲಿ ಮೂರು ಭಾಷೆ ಸೇರಿ ಹೆತ್ತವಳನ್ನೇ ಅದಲುಬದಲು ಮಾಡಿದ್ದವು! ನಾನು ಸ್ಟೂಲಿನ ಮೇಲೆ ಕುಳಿತು ವಿಚಾರಣೆ ನಡೆಸಿದೆ. ನರೇಶ ತನ್ನದೇನೂ ತಪ್ಪಿಲ್ಲವೆಂದ. ಸೇಠರು, ಇದೂ ನಿನ್ನದೇ ಕಿತಾಪತಿ ಇರಬೇಕು ಅಂದರು. ಊರಾಗ ನನ್ನ ಹೆಸರು ಹಂಗದ.

ತಿರುಗಾಮುರುಗಾ ಮಾಡಿ ಜೋಡಿಸಿದೆವು. ಅವ್ವನ ಬಾಯಿಂದ ನಿನ್ನ ಲಗ್ನದ ಬ್ಯಾಂಡು ಬಂತು. ಕೊನೆಗೆ ತೊಟ್ಟಿಲ ದಿನದ ಕ್ಯಾಸೆಟ್ಟನ್ನೇ ನೇರವಾಗಿ ಹಾಕಿದೆವು. ಅದರಲ್ಲೂ ಆಯಿಯದೇ ದನಿ.

ಮನೆಗೆ ಬಂದು ಕೇಳಿದೆ. ಆಯಿ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ನಾನೇ ಹಾಡಿದ್ದು. ನಿಮ್ಮವ್ವಗ ಆ ಹಾಡು ಬರ್ತಿದ್ದಿಲ್ಲ, ಬರೇ ಬಾಯಿ ಆಡಸ್ಯಾಳ. ನೀವಿಬ್ಬರೂ ಅವ್ವನ ಹಾಡು, ಅವ್ವನ ಹಾಡು ಅಂತ ಟೀವಿ ಮುಂದ ಕೂಡ್ತಿದ್ರಿ. ನಾ ಹ್ಯಾಂಗ ಹೇಳಲಿ?"

ಅಕ್ಕಾ, ನನಗೇನೂ ತಿಳಿಯುತ್ತಿಲ್ಲ. ಜೋಗುಳ ಇದೆ, ಅವ್ವ ಇದ್ದಾಳೆ, ಅವ್ವನ ದನಿ ಎಲ್ಲಿ? ಸುಮ್ಮನೆ ಸಿ.ಡಿ. ಕಳಿಸಿದ್ದರೆ ನೀನು ಇದೇ ಅವ್ವ ಎಂದು ನಂಬಿ ಕೂಸಿಗೆ ಕೇಳಿಸುತ್ತಿದ್ದಿ. ಸುಳ್ಳಿನಲ್ಲಿ ನನಗೆ ಅನುಭವ ಸಾಕಷ್ಟಿದೆ. ಇದೊಂದು ಆಗಲಿಲ್ಲ. ನರೇಶನ ಮಾವ ಜೈಪಾಲ ಮೋಟಾರ್ ಸೈಕಲ್ ಮೇಲೆ ತಾಂಡೂರಿಗೆ ಹೊರಟಿದ್ದಾನೆ, ಸಿ.ಡಿ., ಪತ್ರ ಎರಡೂ ಅವನ ಕೈಯಲ್ಲಿ.

ಚೇಷ್ಟೆಗೆ ರಜೆ ಹಾಕಿರುವ
ನಿನ್ನ ತಮ್ಮ,
ಬಸವಕಿರಣ

ತಾ.ಕ.: ಲಕೋಟೆ ಕೊಡಲು ಅಂಗಡಿಗೆ ಹೋದರೆ ನರೇಶ ನನ್ನ ಕಿವಿಗೆ ಹೆಡ್‌ಫೋನು ಸಿಕ್ಕಿಸಿದ. ಕುಗ್ಗಿಸುವಾಗ ಸಣ್ಣ ಸದ್ದೆಲ್ಲ ಕಲಸಿಹೋಗಿತ್ತಂತೆ. ಇದು ಕುಗ್ಗಿಸದೆ ಇಟ್ಟಿದ್ದ ಧ್ವನಿ. ಹಾಡು ಮುಗಿದ ಮೇಲೆ, ಬಳೆ ಸದ್ದಿನ ಹಿಂದೆ, ಯಾರೋ ಮೆಲ್ಲಗೆ ಅನ್ನುತ್ತಾರೆ: "ಅತ್ತಿ, ಇನ್ನೊಮ್ಮೆ ಹಾಡ್ರಿ. ನಾ ಕಲೀತೀನಿ." ಅಷ್ಟೇ, ಅಕ್ಕಾ. ಅವ್ವ ಅಷ್ಟೇ. ಅದನ್ನು ಹಾಗೇ ಬೇರೆ ಸಿ.ಡಿ.ಗೆ ಹಾಕಿಸಿದ್ದೇನೆ. ಆಯಿಗೂ ಕೇಳಿಸಿದೆ. ಆವತ್ತು ಮಂದಿ ಊಟಕ್ಕೆದ್ದರು, ಇನ್ನೊಮ್ಮೆ ಹಾಡಲೇ ಇಲ್ಲ ಅಂದಳು. ಈಗ ಸೀರೆಗಂಟು ಕಟ್ಟಿಕೊಂಡು ಜೈಪಾಲನ ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತುಬಿಟ್ಟಿದ್ದಾಳೆ. ಇದೂ ಚೇಷ್ಟೆ ಅಲ್ಲ, ಬಾಗಿಲು ತೆಗೆದಿಡು.